ಆ ಮೂರು ಮೈಲಿ ಎಲ್ಲಿಂದ ಶುರು? ಕಡಲ್ಗಳ್ಳ ರೇಡಿಯೋ ಬಗ್ಗೆ ನನ್ನ ಟಿಪ್ಪಣಿ

ಮೊನ್ನೆಯ ಕಿರುಪರೀಕ್ಷೆಯಲ್ಲಿ 'ಪೈರೇಟ್ ರೇಡಿಯೋ ಎಂದರೆ ಕಾನೂನು ಮುರಿದು ನಡೆಸುವ ರೇಡಿಯೋ' ಎಂದು ಬರೆದು ಎರಡು ಅಂಕ ಕಳೆದುಕೊಂಡೆ. 1960ರ ದಶಕದಲ್ಲಿ ಬ್ರಿಟನ್ನಿನ ತೀರದಾಚೆ, ಸಮುದ್ರದ ಮೇಲಿಂದ ಪ್ರಸಾರ ಮಾಡುತ್ತಿದ್ದ 'ಕಡಲ್ಗಳ್ಳ' ಸ್ಟೇಷನ್‌ಗಳ ಮಟ್ಟಿಗೆ ಅದು ತಪ್ಪು. ಯಾಕೆ ಎಂದು ಅರ್ಥವಾಗಲು ಎರಡು ಸಂಜೆ ಬೇಕಾಯಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಹಿನ್ನೆಲೆ ಸುಲಭ. 1960ರ ದಶಕದ ಆರಂಭದಲ್ಲಿ ಬ್ರಿಟನ್ನಿನಲ್ಲಿ ರೇಡಿಯೋ ಎಂದರೆ ಬಿಬಿಸಿ ಮಾತ್ರ. ಅದು ದಿನಕ್ಕೆ ಎಷ್ಟು ಹೊತ್ತು ರೆಕಾರ್ಡ್ ಹಾಕಬಹುದು ಎನ್ನುವುದಕ್ಕೂ ಮಿತಿ ಇತ್ತು. ಹುಡುಗರಿಗೆ ಬೇಕಾದ ಪಾಪ್ ಹಾಡು ಸಾಕಷ್ಟು ಸಿಗುತ್ತಿರಲಿಲ್ಲ. ಡೆನ್ಮಾರ್ಕಿನ ಹತ್ತಿರ 1958ರಲ್ಲಿ, ಹಾಲೆಂಡಿನ ಹತ್ತಿರ 1960ರಲ್ಲಿ ಆಗಲೇ ಹಡಗಿನಿಂದ ಪ್ರಸಾರ ಶುರುವಾಗಿತ್ತು. 1964ರ ಮಾರ್ಚ್ 28ರಂದು, ಈಸ್ಟರ್ ಸಮಯದಲ್ಲಿ, ಐರ್ಲೆಂಡಿನ ರೋನನ್ ಓ'ರಾಹಿಲಿ ಇಂಗ್ಲೆಂಡಿನ ಪೂರ್ವ ತೀರದಾಚೆ ರೇಡಿಯೋ ಕ್ಯಾರೊಲೈನ್ ಶುರು ಮಾಡಿದ. ಹಡಗು ಡೆನ್ಮಾರ್ಕಿನ ಹಳೆಯ ಫೆರಿ. ಅದಕ್ಕೆ ಟ್ರಾನ್ಸ್‌ಮಿಟರ್, ಕಂಬ ಎಲ್ಲ ಕೂರಿಸಿದ್ದು ಅವನ ಅಪ್ಪನದೇ ಆದ ಗ್ರೀನೋರ್ ಬಂದರಿನಲ್ಲಿ. ಡಿಸೆಂಬರಿನಲ್ಲಿ ಅಮೆರಿಕದ ಹಳೆಯ ಯುದ್ಧ ಹಡಗೊಂದರ ಮೇಲೆ ರೇಡಿಯೋ ಲಂಡನ್ ಬಂತು.

ಈಗ ನಾನು ಎಡವಿದ ಜಾಗ. ಲೈಸೆನ್ಸ್ ಇಲ್ಲದೆ ಪ್ರಸಾರ ಮಾಡುವುದು ಬ್ರಿಟನ್ನಿನ 1949ರ ಕಾಯ್ದೆಯ ಪ್ರಕಾರ ಅಪರಾಧವಾಗಿತ್ತು. ಆದರೆ ಆ ಕಾಯ್ದೆ ನಡೆಯುತ್ತಿದ್ದದ್ದು ಬ್ರಿಟಿಷ್ ನೆಲ, ಬ್ರಿಟಿಷ್ ನೀರು, ಬ್ರಿಟಿಷ್ ಹಡಗುಗಳ ಮೇಲೆ ಮಾತ್ರ. ಆಗ 'ಬ್ರಿಟಿಷ್ ನೀರು' ಎಂದರೆ ತೀರದಿಂದ 3 ನಾಟಿಕಲ್ ಮೈಲಿ, ಅಂದರೆ ಸುಮಾರು ಐದೂವರೆ ಕಿಲೋಮೀಟರ್. ಅದರಾಚೆ ಹಡಗಿಗೆ ಯಾವ ದೇಶದ ಬಾವುಟ ಇದೆಯೋ ಆ ದೇಶದ ಕಾನೂನು. ಕ್ಯಾರೊಲೈನ್ ಹಡಗಿಗೆ ಪನಾಮಾ ಬಾವುಟ. ಬ್ರಿಟಿಷ್ ಪೊಲೀಸರು ದಡದಲ್ಲಿ ನಿಂತು ನೋಡಬೇಕಿತ್ತು, ಅಷ್ಟೇ.

ಇಲ್ಲಿಯವರೆಗೆ ಸರಿ. ಆದರೆ 3 ಮೈಲಿಯನ್ನು ಎಲ್ಲಿಂದ ಅಳೆಯುವುದು? ಮನೆಯ ಗೋಡೆಯಿಂದಲೋ, ಕಾಂಪೌಂಡಿನಿಂದಲೋ? ಎಲ್ಲ ಸ್ಟೇಷನ್‌ಗಳೂ ಹಡಗಿನಲ್ಲಿ ಇರಲಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಥೇಮ್ಸ್ ನದಿಮುಖದಲ್ಲಿ, ನೀರಿನ ನಡುವೆ, ಕಾಲಿನ ಮೇಲೆ ನಿಂತ ಕೋಟೆಗಳನ್ನು ಕಟ್ಟಿದ್ದರು. ಯುದ್ಧ ಮುಗಿದ ಮೇಲೆ ಅವು ಖಾಲಿ ಬಿದ್ದಿದ್ದವು. ರೆಡ್ ಸ್ಯಾಂಡ್ಸ್ ಎನ್ನುವ ಕೋಟೆಯಲ್ಲಿ ರೇಡಿಯೋ 390 ಕೂತಿತ್ತು. ನಕ್ಷೆಯ ಮೇಲೆ ಸ್ಕೇಲ್ ಇಟ್ಟರೆ ತೀರದಿಂದ 3 ಮೈಲಿಗಿಂತ ಜಾಸ್ತಿಯೇ ಬರುತ್ತದೆ. ಹಾಗಿದ್ದರೂ ಕೋರ್ಟ್ 'ಇದು ಬ್ರಿಟಿಷ್ ನೀರು' ಎಂದಿತು. ನಾನು ಮೂರು ಸಲ ಅಳೆದು ನೋಡಿದೆ!

ತಪ್ಪು ಸ್ಕೇಲಿನದಲ್ಲ, ನಾನು ಶುರು ಮಾಡಿದ ಗೆರೆಯದು. ಗೆರೆ ಎಳೆಯುವ ನಿಯಮದಲ್ಲಿ ಎರಡು ತಿರುವು ಇವೆ.

ಒಂದು, ಕೊಲ್ಲಿ. ತೀರ ಆಳವಾಗಿ ಒಳಗೆ ಬಾಗಿದ್ದು, ಅದರ ಬಾಯಿ 24 ಮೈಲಿಗಿಂತ ಅಗಲವಿಲ್ಲದಿದ್ದರೆ, ಆ ಬಾಯಿಗೆ ಅಡ್ಡಲಾಗಿ ನೇರ ಗೆರೆ ಎಳೆಯಬಹುದು. ಗೆರೆಯ ಒಳಗಿನ ನೀರೆಲ್ಲ ದೇಶದ ಒಳನೀರು. 3 ಮೈಲಿ ಎಣಿಕೆ ಶುರುವಾಗುವುದು ಆ ಗೆರೆಯಿಂದ ಆಚೆಗೆ. ಬ್ರಿಟನ್ 1964ರಲ್ಲಿ ಇದನ್ನು ತನ್ನ ಆದೇಶದಲ್ಲಿ ಬರೆದುಕೊಂಡಿತು.

ಇನ್ನೊಂದು, ಮರಳು ದಿಬ್ಬ. ಭರತದಲ್ಲಿ ಮುಳುಗಿ ಇಳಿತದಲ್ಲಿ ಮೇಲೆ ಕಾಣುವ ದಿಬ್ಬ ತೀರದಿಂದ 3 ಮೈಲಿಯೊಳಗೆ ಇದ್ದರೆ, ಅದನ್ನೂ ನೆಲದ ಹಾಗೆ ಲೆಕ್ಕ ಹಿಡಿದು, ಅಲ್ಲಿಂದ ಮತ್ತೆ 3 ಮೈಲಿ ಅಳೆಯಬಹುದು. ಇಲ್ಲಿ ನನಗೆ ಬಂದ ಸಂಶಯ: ಹಾಗಾದರೆ ಆ ದಿಬ್ಬದಿಂದ ಮುಂದಿನ ದಿಬ್ಬಕ್ಕೆ, ಅಲ್ಲಿಂದ ಇನ್ನೊಂದಕ್ಕೆ ಹಾರುತ್ತಾ ಹಾಲೆಂಡ್‌ವರೆಗೂ ಹೋಗಬಹುದಲ್ವಾ? ಇಲ್ಲ. ಪ್ರತಿ ದಿಬ್ಬವೂ ನಿಜವಾದ ನೆಲದಿಂದಲೋ ದ್ವೀಪದಿಂದಲೋ 3 ಮೈಲಿಯೊಳಗೆ ಇರಬೇಕು. ದಿಬ್ಬದಿಂದ ದಿಬ್ಬಕ್ಕೆ ನೆಗೆಯುವಂತಿಲ್ಲ. ಈ ಒಂದು ಸಾಲು ಸಿಕ್ಕ ಮೇಲೆ ಉಳಿದದ್ದೆಲ್ಲ ತಾನಾಗಿ ಬಿಡಿಸಿಕೊಂಡಿತು. ರೆಡ್ ಸ್ಯಾಂಡ್ಸ್‌ನಂಥ ಕೋಟೆ ಜಾಗ ಬಿಟ್ಟು ಕದಲುವುದಿಲ್ಲ, ಈ ನಿಯಮಗಳಿಂದ ಬ್ರಿಟಿಷ್ ನೀರಿನ ಗೆರೆ ಅದನ್ನು ದಾಟಿ ಮುಂದೆ ಹೋದರೆ ಕಥೆ ಮುಗಿಯಿತು. ಹಡಗಾದರೆ ಲಂಗರು ಎತ್ತಿ ಇನ್ನಷ್ಟು ಆಚೆ ಹೋಗಿ ನಿಲ್ಲಬಹುದು.

ರೇಡಿಯೋ 390 ಹೆಸರಿನಲ್ಲಿರುವ 390 ಎಂದರೇನು ಎಂದು ಕೇಳುವವರಿಗೆ: ಅದು ತರಂಗದ ಉದ್ದ, ಮೀಟರ್‌ಗಳಲ್ಲಿ. ಕಿಲೋಹರ್ಟ್ಸ್‌ನಿಂದ ಮೀಟರ್ ಬೇಕಾದರೆ 3 ಲಕ್ಷವನ್ನು ಆ ಕಿಲೋಹರ್ಟ್ಸ್ ಸಂಖ್ಯೆಯಿಂದ ಭಾಗಿಸಿ, ಮುಗಿಯಿತು. ಕ್ಯಾರೊಲೈನ್ ಇದ್ದದ್ದು 1520 ಕಿಲೋಹರ್ಟ್ಸ್. ಲೆಕ್ಕ ಹಾಕಿದರೆ ಸುಮಾರು 197 ಬರುತ್ತದೆ. ಆದರೆ ಅವರು ಹೇಳುತ್ತಿದ್ದದ್ದು 199! ಕ್ಯಾರೊಲೈನ್‌ಗೆ 'ನೈನ್' ಪ್ರಾಸ ಕೂರುತ್ತದೆ. ಉತ್ತರ ಹೊಂದಲಿಲ್ಲ ಎಂದು ಅರ್ಧ ಗಂಟೆ ತಲೆ ಕೆಡಿಸಿಕೊಂಡವಳು ನಾನು.

ಕೊನೆಗೆ ಈ ಸ್ಟೇಷನ್‌ಗಳನ್ನು ನಿಲ್ಲಿಸಲು ಬ್ರಿಟನ್ ತಂದ 1967ರ ಕಾಯ್ದೆ. ಆಗಸ್ಟ್ 14ರ ಮಧ್ಯರಾತ್ರಿಯಿಂದ ಜಾರಿ. ಇದು ಪನಾಮಾ ಹಡಗನ್ನು ಮುಟ್ಟಲು ಹೋಗಲಿಲ್ಲ, ಬ್ರಿಟಿಷ್ ಪ್ರಜೆಯನ್ನು ಹಿಡಿಯಿತು. ಅಲ್ಲಿ ಕೆಲಸ ಮಾಡಿದರೆ, ಜಾಹೀರಾತು ಕೊಟ್ಟರೆ, ದೋಣಿಯಲ್ಲಿ ನೀರು, ಎಣ್ಣೆ, ಊಟ, ರೆಕಾರ್ಡ್ ಸಾಗಿಸಿದರೆ ಅಪರಾಧ. ರೇಡಿಯೋ ಲಂಡನ್ ಆ ದಿನ ಮಧ್ಯಾಹ್ನ 3 ಗಂಟೆಗೆ ಬಾಯಿ ಮುಚ್ಚಿತು. ಸೆಪ್ಟೆಂಬರ್ 30ರಂದು ಬಿಬಿಸಿ ರೇಡಿಯೋ 1 ಶುರು ಮಾಡಿದಾಗ ಮೊದಲು ಮಾತಾಡಿದವರು ಟೋನಿ ಬ್ಲ್ಯಾಕ್‌ಬರ್ನ್. ಅವರು ಕಡಲ್ಗಳ್ಳ ಸ್ಟೇಷನ್‌ಗಳಲ್ಲೇ ಪಳಗಿದವರು.

ಕ್ಯಾರೊಲೈನ್ ಮಾತ್ರ ನಿಲ್ಲಲಿಲ್ಲ. ಸಾಮಾನು ಹಾಲೆಂಡಿನಿಂದ ಬರತೊಡಗಿತು. ಆ ಹೊತ್ತಿಗೆ ಅದಕ್ಕೆ ಎರಡು ಹಡಗುಗಳಿದ್ದವು. 1968ರ ಮಾರ್ಚ್ 3ರಂದು ಎರಡನ್ನೂ ಎಳೆದುಕೊಂಡು ಹೋದರು. ಎಳೆದದ್ದು ಸರ್ಕಾರ ಅಲ್ಲ, ಬಾಕಿ ಬಿಲ್ ಬರಲಿಲ್ಲ ಎಂದು ರೇಗಿದ್ದ ಡಚ್ ಟಗ್ ಕಂಪನಿ. 'ಪೊಲೀಸರು ಹಡಗು ಹಿಡಿದರು' ಎಂದು ಬರೆದಿದ್ದಕ್ಕೆ ಇನ್ನೊಂದು ಅಂಕ ಹೋಗಿತ್ತು.