ಲಿಸ್ಟ್ ತುಂಬಿಲ್ಲ, ದಾರಿ ಇಲ್ಲ ಅಷ್ಟೇ

ಶಿಡ್ಲಘಟ್ಟದ ಹತ್ತಿರದ ನಮ್ಮ ರೇಷ್ಮೆ ಬೆಳೆಗಾರರ ಗುಂಪು ಲೆಕ್ಕದ ಪುಸ್ತಕ ಬಿಟ್ಟು ಮೈಕ್ರೋಸಾಫ್ಟ್‌ನ ಶೇರ್‌ಪಾಯಿಂಟ್ ಎಂಬ ಆನ್‌ಲೈನ್ ತಂತ್ರಾಂಶದ ಲಿಸ್ಟ್‌ಗೆ ಬಂದು ಕೆಲವು ವರ್ಷವಾಯಿತು. ಒಂದು ಬೆಳೆಗೆ ಒಂದು ಸಾಲು: ರೈತರ ಹೆಸರು, ಊರು, ಚಾಕಿ ಹುಳು (ಎಳೆಯ ರೇಷ್ಮೆ ಹುಳು) ಕೊಟ್ಟ ದಿನ, ಎಷ್ಟು ಮೊಟ್ಟೆ, ಗೂಡಿನ ತೂಕ, ಮಾರುಕಟ್ಟೆಯಲ್ಲಿ ಸಿಕ್ಕ ದರ. ಒಂದು ದಿನ ಬೆಳಿಗ್ಗೆ ಊರಿನ ಪ್ರಕಾರ ಸೋಸುವ ವ್ಯೂ ತೆರೆದರೆ ಸಾಲುಗಳೇ ಇಲ್ಲ, 5000ದ ಮಿತಿ ದಾಟಿದೆ ಎಂಬ ಎಚ್ಚರಿಕೆ ಮಾತ್ರ. "ಲಿಸ್ಟ್ ತುಂಬಿಹೋಯ್ತು, ಹಳೇದೆಲ್ಲ ಅಳಿಸಿ" ಅಂದರು ಒಬ್ಬರು. ಸಂಜೆಯೊಳಗೆ ಮೊದಲ ವರ್ಷದ ಬೆಳೆಗಳೆಲ್ಲ ಅಳಿಸಿಹೋದವು. ಎಚ್ಚರಿಕೆ ಮಾತ್ರ ಹಾಗೇ ಉಳಿಯಿತು.

ಈ ತಪ್ಪು ತಿಳಿವಳಿಕೆಯಿಂದ ಎಷ್ಟು ಜನ ಎಷ್ಟು ದಾಖಲೆ ಕಳೆದುಕೊಂಡಿದ್ದಾರೋ ಎಂದು ನೆನೆದರೆ ಸಂಕಟವಾಗುತ್ತದೆ. ಒಂದು ಲಿಸ್ಟ್ 3 ಕೋಟಿ ಸಾಲು ಹಿಡಿಯುತ್ತದೆ. 5000 ಅನ್ನುವುದು ಎಷ್ಟು ಇಡಬಹುದು ಎಂಬ ಲೆಕ್ಕವಲ್ಲ, ಒಂದೇ ಸಲಕ್ಕೆ ಎಷ್ಟು ಸಾಲು ತಡಕಾಡಬಹುದು ಎಂಬ ಲೆಕ್ಕ. ಅಳಿಸಿದ ಸಾಲುಗಳು ರೀಸೈಕಲ್ ಬಿನ್‌ನಲ್ಲಿ 93 ದಿನ ಇರುತ್ತವೆ, ಮಿತಿ ನೋಡುವಾಗ ಅವೂ ಎಣಿಕೆಗೆ ಬರುತ್ತವೆ. ನಮ್ಮ ಪುಣ್ಯಕ್ಕೆ ಅಲ್ಲಿಂದಲೇ ಎಲ್ಲವನ್ನೂ ವಾಪಸ್ ತಂದುಕೊಂಡೆವು.

ಸರಿ, 5000ವೇ ಏಕೆ? ನನಗೆ ಬಹಳ ಖುಷಿ ಕೊಟ್ಟದ್ದು ಇದರ ಉತ್ತರ. ಶೇರ್‌ಪಾಯಿಂಟ್‌ನ ತಳದಲ್ಲಿರುವುದು ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸ್. ಒಬ್ಬರು ಓದುತ್ತಿರುವ ಸಾಲನ್ನು ಅದೇ ಗಳಿಗೆಯಲ್ಲಿ ಇನ್ನೊಬ್ಬರು ತಿದ್ದದಂತೆ ಅದು ಆ ಸಾಲಿಗೆ ಬೀಗ ಹಾಕುತ್ತದೆ. ಗೂಡಿನ ಮಾರುಕಟ್ಟೆಯಲ್ಲಿ ಒಂದು ಲಾಟ್ ತೂಗುವಾಗ ಆ ಜಾಲರಿಗೆ ಬೇರೆಯವರು ಕೈ ಹಾಕಬಾರದಲ್ಲ, ಹಾಗೆ. ಆದರೆ ಪ್ರತಿ ಬೀಗಕ್ಕೂ ಮೆಮೊರಿ ಬೇಕು. ಒಂದೇ ಪ್ರಶ್ನೆಗೆ ಬೀಗಗಳು 5000 ಮುಟ್ಟಿದರೆ ಡೇಟಾಬೇಸ್ ಬಿಡಿ ಬೀಗಗಳನ್ನು ಬಿಟ್ಟು ಸಾಲುಗಳೆಲ್ಲ ಕೂತಿರುವ ಇಡೀ ಟೇಬಲ್‌ಗೇ ಒಂದು ಬೀಗ ಜಡಿಯಲು ಹೊರಡುತ್ತದೆ. ಒಂದು ಜಾಲರಿ ಕಾಯಲು ಮಾರುಕಟ್ಟೆಯ ಗೇಟನ್ನೇ ಮುಚ್ಚಿದಂತೆ. ಕೆರೆಯ ಲೆಕ್ಕದಲ್ಲಿ ಹೇಳುವುದಾದರೆ, ನೀರಗಂಟಿ ಒಂದು ಗದ್ದೆಯ ಮಡೆ ಕಟ್ಟುವ ಬದಲು ತೂಬನ್ನೇ ಮುಚ್ಚಿದರೆ ಅಚ್ಚುಕಟ್ಟೆಲ್ಲ ಒಣಗುತ್ತದೆ. ಆ ಟೇಬಲ್‌ನಲ್ಲಿ ನಮ್ಮದಲ್ಲದ ಲಿಸ್ಟ್‌ಗಳ ಸಾಲುಗಳೂ ಇರುತ್ತವೆ. ಅವರೆಲ್ಲ ಕಾಯಬೇಕಾಗಬಾರದು ಎಂದೇ ಶೇರ್‌ಪಾಯಿಂಟ್ ನಮ್ಮನ್ನು ಮೊದಲೇ ತಡೆಯುತ್ತದೆ.

ಹಾಗಾದರೆ ಪರಿಹಾರ? ಪಹಣಿ ತೆಗೆಸುವುದನ್ನು ನೆನೆಸಿಕೊಳ್ಳಿ. 'ಭೂಮಿ' ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿ ಕಂಪ್ಯೂಟರ್‌ಗೆ ಬಂದವು. ಆದರೂ ನಿಮ್ಮದು ಸಿಗುವುದು ಕ್ಷಣದಲ್ಲಿ, ಏಕೆಂದರೆ ಯಾರೂ ಮೊದಲ ಪಹಣಿಯಿಂದ ಹುಡುಕುತ್ತಾ ಬರುವುದಿಲ್ಲ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ: ಪ್ರತಿ ಮೆಟ್ಟಿಲಲ್ಲೂ ಮಿಕ್ಕದ್ದೆಲ್ಲ ಬಿಟ್ಟುಹೋಗುತ್ತದೆ. ಇಂಡೆಕ್ಸ್, ಅಂದರೆ ಕಾಲಂಗೆ ಮೊದಲೇ ಕಟ್ಟಿಟ್ಟ ಹುಡುಕುವ ದಾರಿ, ಮಾಡುವುದೂ ಇದನ್ನೇ. 1970ರ ಸುಮಾರಿಗೆ ಬೋಯಿಂಗ್ ಸಂಸ್ಥೆಯಲ್ಲಿದ್ದ ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್ 'ಬಿ-ಟ್ರೀ' ಎಂಬ ಕವಲುಮರ ಕಟ್ಟಿದರು. ವಿಮಾನ ಕಟ್ಟುವ ಕಂಪನಿಯಲ್ಲಿ ಹುಟ್ಟಿದ ಉಪಾಯ ಇವತ್ತು ನಮ್ಮ ಹುಳುವಿನ ಮನೆಯ ಲೆಕ್ಕ ಹುಡುಕಿಕೊಡುತ್ತಿದೆ! ಮರದ ಒಂದೊಂದು ಗೆಣ್ಣಿನಲ್ಲಿ 300 ಕವಲಿದ್ದರೆ ಮೂರೇ ಹೆಜ್ಜೆಗೆ 2 ಕೋಟಿ 70 ಲಕ್ಷ ಸಾಲುಗಳಲ್ಲಿ ಬೇಕಾದ ಒಂದನ್ನು ಮುಟ್ಟಬಹುದು.

ಲಿಸ್ಟ್ ಸೆಟ್ಟಿಂಗ್ಸ್‌ಗೆ ಹೋಗಿ 'ಇಂಡೆಕ್ಸ್‌ಡ್ ಕಾಲಮ್ಸ್' ಒತ್ತಿ. 20 ಕಾಲಂಗಳವರೆಗೆ ಅವಕಾಶವಿದೆ, ನಮಗೆ ಎರಡೇ ಸಾಕಾದವು. ಲಿಸ್ಟ್ ಚಿಕ್ಕದಿರುವಾಗಲೇ ಮಾಡಿಕೊಳ್ಳಿ. ವ್ಯೂನ ಮೊದಲ ಸೋಸುವಿಕೆ ಇಂಡೆಕ್ಸ್ ಇರುವ ಕಾಲಂ ಮೇಲಿರಲಿ, ಅದೊಂದೇ ಫಲಿತಾಂಶವನ್ನು 5000ಕ್ಕಿಂತ ಕೆಳಗೆ ತರಬೇಕು. 'ಅಥವಾ' ಹಾಕಿ ಷರತ್ತು ಜೋಡಿಸಿದರೆ ಸಾಮಾನ್ಯವಾಗಿ ಆ ಲಾಭ ಸಿಗುವುದಿಲ್ಲ. ನಾವು ಮೊದಲ ಸೋಸುವಿಕೆಗೆ ಊರಿನ ಬದಲು ಹುಳು ಕೊಟ್ಟ ದಿನವನ್ನು ಆರಿಸಿದೆವು. ಒಂದು ಊರಿನ ಸಾಲುಗಳು ವರ್ಷದಿಂದ ವರ್ಷಕ್ಕೆ ಬೆಳೆಯುತ್ತಲೇ ಹೋಗುತ್ತವೆ, ಕಳೆದ 30 ದಿನದ ಸಾಲುಗಳು ಹೆಚ್ಚು ಕಡಿಮೆ ಅಷ್ಟೇ ಇರುತ್ತವೆ. ಎರಡನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಹುಳು ತಂದವರಿಂದ ಹಿಡಿದು ಗೂಡು ಕಟ್ಟಲು ಹುಳುವನ್ನು ಚಂದ್ರಿಕೆಗೆ ಬಿಟ್ಟವರವರೆಗೆ ಎಲ್ಲರೂ ಆ ಒಂದು ತಿಂಗಳೊಳಗೇ ಬರುತ್ತಾರೆ.

ವರ್ಕ್‌ಫ್ಲೋದಲ್ಲೂ, ಅಂದರೆ ಕಂಪ್ಯೂಟರ್ ತಾನಾಗಿ ಮಾಡುವ ಕೆಲಸಗಳ ಸರಣಿಯಲ್ಲೂ, ಇಂಥದ್ದೇ ಒಂದು ಕಾಣದ ಮಿತಿ ಇದೆ. ಇಂಥ ಸರಣಿ ಕಟ್ಟುವ ಮೈಕ್ರೋಸಾಫ್ಟ್‌ನ ಪವರ್ ಆಟೊಮೇಟ್‌ನಲ್ಲಿ ಲಿಸ್ಟ್‌ನಿಂದ ಸಾಲು ತರುವ 'ಗೆಟ್ ಐಟಮ್ಸ್' ನಾವು ಏನೂ ಹೇಳದಿದ್ದರೆ 100 ಸಾಲು ಮಾತ್ರ ತರುತ್ತದೆ, ಎಚ್ಚರಿಕೆ ಕೊಡದೆ. ಔಷಧಿ ಸಿಂಪಡಿಸುವ ದಿನದ ಸಂದೇಶ ನಮ್ಮಲ್ಲಿ 100 ಜನಕ್ಕಷ್ಟೇ ಹೋಗಿ ಉಳಿದವರು ಕಾದು ಕೂತಿದ್ದರು. 'ಟಾಪ್ ಕೌಂಟ್' ಹೆಚ್ಚಿಸಿ, 'ಫಿಲ್ಟರ್ ಕ್ವೆರಿ'ಯಲ್ಲಿ ಅದೇ ದಿನದ ಕಾಲಂ ಬರೆದ ಮೇಲೆ ಮರುದಿನದ ಸಂದೇಶ ಎಲ್ಲರ ಫೋನಿಗೂ ತಲುಪಿತು.