ವಿಕ್ಕಾ ಬಗ್ಗೆ ಮೊದಲ ಪುಸ್ತಕ ಆರಿಸೋದು: ನಾನು ಎಡವಿದ ಜಾಗದ ಟಿಪ್ಪಣಿ

ಮೂರು ತಿಂಗಳಿಂದ ಇದನ್ನ ಓದ್ತಾ ಇದೀನಿ, ಮೊನ್ನೆ ರಾತ್ರಿ ಒಂದು ಗಂಟು ಬಿಚ್ಕೊಳ್ತು, ಮತ್ತೆ ಮರೆತುಹೋಗೋ ಮುಂಚೆ ಬರೆದಿಡ್ತಿದೀನಿ. ವಿಕ್ಕಾ ಅಂದ್ರೆ ಪ್ರಕೃತಿ ಪೂಜೆ, ಮಾಟವಿದ್ಯೆ (ವಿಚ್‌ಕ್ರಾಫ್ಟ್) ಎರಡೂ ಸೇರಿರೋ ಒಂದು ಪಾಶ್ಚಾತ್ಯ ಧರ್ಮ, ಅದಕ್ಕಿಂತ ಹೆಚ್ಚು ಮೊದಲಿಂದ ಹೇಳೋಕೆ ಹೋಗಲ್ಲ. ದೇವಿ, ಕೊಂಬಿನ ದೇವರು, ವರ್ಷಕ್ಕೆ ಎಂಟು ಸಬ್ಬತ್ ಅನ್ನೋ ಹಬ್ಬ, ಹುಣ್ಣಿಮೆಗೆ ಎಸ್ಬತ್ ಅನ್ನೋ ಕೂಟ, ನಾಲ್ಕು ದಿಕ್ಕು, ಆಚರಣೆಗೆ ಸುತ್ತ ಹಾಕೋ ವೃತ್ತ, ಇಷ್ಟು ಯಾವ ಪುಸ್ತಕ ತೆಗೆದ್ರೂ ಸಿಗುತ್ತೆ. ಕಷ್ಟ ಇರೋದು ಯಾವುದನ್ನ ತೆಗೀಬೇಕು ಅನ್ನೋದ್ರಲ್ಲಿ, ಯಾಕಂದ್ರೆ ಒಂದೊಂದು ಒಂದೊಂದು ಹೇಳುತ್ತೆ, ಎಲ್ಲವೂ ಅಷ್ಟೇ ಧೈರ್ಯವಾಗಿ ಹೇಳುತ್ತೆ.

ಅದಕ್ಕೂ ಮುಂಚೆ ಎರಡು ಚಿಕ್ಕ ವಿಷಯ. ಕವೆನ್ ಅಂದ್ರೆ ಒಟ್ಟಿಗೆ ಆಚರಣೆ ಮಾಡೋ ಪುಟ್ಟ ಗುಂಪು. ನಾನು ಅವಸರದಲ್ಲಿ ಗೀಚಿಟ್ಟಿದ್ದನ್ನ ಆಮೇಲೆ ಓದಿದ್ರೆ "ಕವನಕ್ಕೆ ಹದಿಮೂರು ಜನ ಸಾಕು" ಅಂತ ಇತ್ತು, ಹತ್ತು ನಿಮಿಷ ತಲೆ ಕೆರ್ಕೊಂಡೆ. ಇನ್ನೊಂದು, ಅಕ್ಟೋಬರ್ 31ರ ಹಬ್ಬದ ಸ್ಪೆಲಿಂಗ್ ನೋಡಿದ್ರೆ ಸ್ಯಾಮ್‌ಹೇನ್ ಅಂತ ಓದ್ಬೇಕು ಅನ್ಸುತ್ತೆ, ಆದ್ರೆ ಹೇಳೋದು ಸಾವಿನ್. ಸತ್ತೋರನ್ನ ನೆನೆಯೋ ಹಬ್ಬ, ಸಾವಿನ ಹಬ್ಬ. ಕನ್ನಡದೋರಿಗೆ ಇದು ಪುಕ್ಕಟೆ ಸಿಕ್ಕಿದ ನೆನಪಿನ ಗುಟ್ಟು.

ಹತ್ತು ಸಾವಿರ ವರ್ಷನಾ, ಎಪ್ಪತ್ತು ವರ್ಷನಾ

ನಾನು ಮೊದಲನೇ ಪುಸ್ತಕ ತಗೊಂಡಿದ್ದು ಕವರ್ ನೋಡಿ. ಹೆಸರು ಬೇಡ ಬಿಡಿ. ಅದರ ಮೊದಲ ಅಧ್ಯಾಯದಲ್ಲೇ, ವಿಕ್ಕಾ ಶಿಲಾಯುಗದಿಂದ ಒಂದೇ ಎಳೆಯಾಗಿ ಇಳಿದು ಬಂದಿರೋ ಧರ್ಮ, ಚರ್ಚ್ ತೊಂಬತ್ತು ಲಕ್ಷ ಜನರನ್ನ ಮಾಟಗಾತಿಯರು ಅಂತ ಸುಟ್ಟುಹಾಕ್ತು, ಉಳ್ಕೊಂಡೋರು ಅಜ್ಜಿಯಿಂದ ಮೊಮ್ಮಗಳಿಗೆ ಗುಟ್ಟಾಗಿ ದಾಟಿಸ್ತಾ ಬಂದ್ರು ಅಂತ ಇತ್ತು. ಸುಳ್ಳು ಯಾಕೆ ಹೇಳ್ಲಿ, ಮೈ ಜುಂ ಅಂತು. ಎರಡನೇ ಪುಸ್ತಕ ತೆಗೆದ್ರೆ ಅದು ತಣ್ಣಗೆ, ವಿಕ್ಕಾನ 1950ರ ದಶಕದ ಇಂಗ್ಲೆಂಡಲ್ಲಿ ಜೆರಾಲ್ಡ್ ಗಾರ್ಡ್ನರ್ ಅನ್ನೋ ನಿವೃತ್ತ ಕಸ್ಟಮ್ಸ್ ಅಧಿಕಾರಿ ಬಯಲಿಗೆ ತಂದ್ರು, ಇದು ಹೊಸ ಧರ್ಮ ಅನ್ನುತ್ತೆ. ಇಬ್ಬರಲ್ಲಿ ಒಬ್ಬರು ಮೋಸ ಮಾಡ್ತಿದಾರೆ ಅಂತ ತೀರ್ಮಾನ ಮಾಡಿ ಮೊದಲನೇದನ್ನ ಮೂಲೆಗೆ ಎಸೆದೆ. ಅದೂ ತಪ್ಪೇ ಆಯ್ತು, ಅಲ್ಲಿಗೆ ಆಮೇಲೆ ಬರ್ತೀನಿ.

ಇದನ್ನ ಬಿಡಿಸ್ಕೊಳ್ಳೋಕೆ ನಂಗೆ ವಾರ ಹಿಡೀತು, ಹಾಗಾಗಿ ನಿಧಾನಕ್ಕೇ ಬರೀತೀನಿ. 1921ರಲ್ಲಿ ಮಾರ್ಗರೆಟ್ ಮರ್ರೆ ಅನ್ನೋರು, ಮೂಲತಃ ಪ್ರಾಚೀನ ಈಜಿಪ್ಟ್ ಬಗ್ಗೆ ಓದ್ಕೊಂಡೋರು, ಒಂದು ಪುಸ್ತಕ ಬರೆದ್ರು. ಯುರೋಪಿನ ಮಾಟಗಾತಿ ವಿಚಾರಣೆಗಳ ಹಳೇ ದಾಖಲೆ ಇಟ್ಕೊಂಡು, ಅಲ್ಲಿ ಸಿಕ್ಕಿಬಿದ್ದೋರು ಬರೀ ಅಮಾಯಕರಲ್ಲ, ಕ್ರೈಸ್ತ ಧರ್ಮಕ್ಕಿಂತ ಹಳೇದಾದ ಒಂದು ಧರ್ಮನ ಗುಟ್ಟಾಗಿ ಪಾಲಿಸ್ತಿದ್ದೋರು ಅಂತ ವಾದ. 1929ರಲ್ಲಿ ಬ್ರಿಟಾನಿಕಾ ವಿಶ್ವಕೋಶಕ್ಕೆ ಈ ವಿಷಯದ ಲೇಖನ ಬರೆದಿದ್ದೂ ಅವರೇ, ಅಲ್ಲಿ ಇದು ನನ್ನ ವಾದ ಅಂತ ಹೇಳದೇ ಎಲ್ಲರೂ ಒಪ್ಪಿದ ಸತ್ಯ ಅನ್ನೋ ಹಾಗೆ ಬರೆದುಬಿಟ್ರು, ಆ ಲೇಖನ ದಶಕಗಟ್ಟಲೆ ಅಲ್ಲೇ ಇತ್ತು. ಈಗ ನೋಡಿ, 1954ರಲ್ಲಿ ಗಾರ್ಡ್ನರ್ "ವಿಚ್‌ಕ್ರಾಫ್ಟ್ ಟುಡೇ" ತಂದ್ರಲ್ಲ, ಅದಕ್ಕೆ ಮುನ್ನುಡಿ ಯಾರದ್ದು? ಮರ್ರೆಯವರದ್ದೇ! ಈ ಒಂದು ಕೊಂಡಿ ಕಣ್ಣಿಗೆ ಬಿದ್ದಿದ್ದೇ ತಡ ನಂಗೆ ಎಲ್ಲಾ ಜೋಡಿಸ್ಕೊಳ್ತು. ಆಮೇಲೆ ಬಂದ ಲೇಖಕರು ಗಾರ್ಡ್ನರ್ ನೋಡಿ ಬರೆದ್ರು, ಅನುಮಾನ ಬಂದೋರು ವಿಶ್ವಕೋಶ ತೆಗೆದು ನೋಡಿದ್ರು, ಅಲ್ಲೂ ಅದೇ ಕಥೆ. ಅಂದ್ರೆ ಯಾರೂ ಬೇಕಂತ ಸುಳ್ಳು ಹೇಳಿಲ್ಲ, ಒಂದೇ ಬಾವಿಯ ನೀರನ್ನ ಎಲ್ಲರೂ ಬೇರೆ ಬೇರೆ ಕೊಡದಲ್ಲಿ ಹೊತ್ಕೊಂಡು ಹೋಗಿದಾರೆ ಅಷ್ಟೇ.

ಮರ್ರೆ ದಾಖಲೆಗಳಿಂದ ತಮಗೆ ಬೇಕಾದ ಸಾಲು ಮಾತ್ರ ಎತ್ಕೊಂಡು, ಹಾರೋದು ರೂಪ ಬದಲಾಯಿಸೋದು ಇಂಥ ಸಾಲುಗಳನ್ನ ಬಿಟ್ಟಿದ್ರು ಅಂತ ಇತಿಹಾಸಕಾರರು ಆಮೇಲೆ ತೋರಿಸಿದ್ರು. 1999ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದ ರೊನಾಲ್ಡ್ ಹಟನ್ "ದಿ ಟ್ರಯಂಫ್ ಆಫ್ ದಿ ಮೂನ್" ಬರೆದ ಮೇಲೆ ಶಿಲಾಯುಗದಿಂದ ಒಂದೇ ಎಳೆ ಅನ್ನೋದು ನಿಲ್ಲಲ್ಲ ಅಂತ ಹೆಚ್ಚುಕಮ್ಮಿ ಇತ್ಯರ್ಥ ಆಯ್ತು. ರೊಮ್ಯಾಂಟಿಕ್ ಕವಿಗಳು, ಫ್ರೀಮೇಸನ್‌ಗಳ (ಒಂದು ಗುಟ್ಟಿನ ಸಂಘದೋರು) ದೀಕ್ಷಾ ಪದ್ಧತಿ, ಗೋಲ್ಡನ್ ಡಾನ್ ಥರದ ಮ್ಯಾಜಿಕ್ ಸಂಘಗಳು, ಹಳ್ಳಿ ಮದ್ದುಗಾರರು, ಇವೆಲ್ಲ ಎಳೆಗಳು 20ನೇ ಶತಮಾನದಲ್ಲಿ ಒಂದು ಕಡೆ ಹೆಣ್ಕೊಂಡಿವೆ. ಎಳೆಗಳು ಹಳೇವು, ಹೆಣಿಗೆ ಹೊಸದು. ಈ ಮಾತು ನೋಟ್‌ಬುಕ್ಕಲ್ಲಿ ದೊಡ್ಡದಾಗಿ ಬರ್ಕೊಂಡಿದೀನಿ.

ಆ ತೊಂಬತ್ತು ಲಕ್ಷದ ಲೆಕ್ಕ 18ನೇ ಶತಮಾನದ ಒಬ್ಬ ಜರ್ಮನ್ ಲೇಖಕರದ್ದು, ಒಂದು ಊರಿನ ಬೆರಳೆಣಿಕೆ ಪ್ರಕರಣ ಹಿಡ್ಕೊಂಡು ಇಡೀ ಯುರೋಪಿಗೆ, ಶತಮಾನಗಟ್ಟಲೆಗೆ ಗುಣಿಸಿದ್ದು. ಇವತ್ತು ಇತಿಹಾಸಕಾರರು ಒಪ್ಪೋದು ಸುಮಾರು 40,000ದಿಂದ 60,000. ಅದೂ ಕಮ್ಮಿ ಅಲ್ಲ, ಘೋರವೇ. ಇಂಗ್ಲೆಂಡಲ್ಲಂತೂ ಸುಡ್ತಿರ್ಲಿಲ್ಲ, ಗಲ್ಲಿಗೆ ಹಾಕ್ತಿದ್ರು.

ನನ್ನ ಎರಡು ನಿಮಿಷದ ಪರೀಕ್ಷೆ

ಪುಸ್ತಕ ಕೈಗೆ ಸಿಕ್ಕಿದ್ರೆ ನಾನೀಗ ಮೊದಲು ನೋಡೋದು ಕೊನೇ ಪುಟಗಳ ಪದಸೂಚಿ. ಗಾರ್ಡ್ನರ್ ಹೆಸರಿದ್ಯಾ? ವಿಕ್ಕಾ ಬಗ್ಗೆ ಇನ್ನೂರು ಪುಟ ಬರೆದು ಗಾರ್ಡ್ನರ್ ಹೆಸರೇ ಇಲ್ಲ ಅಂದ್ರೆ ಅಡುಗೆ ಪುಸ್ತಕದಲ್ಲಿ ಒಲೆ ಇಲ್ಲದ ಹಾಗೆ. ಡೋರೀನ್ ವ್ಯಾಲಿಯೆಂಟೆ ಇದ್ರೆ ಇನ್ನೂ ಒಳ್ಳೇದು, ಯಾಕಂದ್ರೆ 1953ರಲ್ಲಿ ಗಾರ್ಡ್ನರ್ ಹತ್ರ ದೀಕ್ಷೆ ತಗೊಂಡು, ಅವರ ಬುಕ್ ಆಫ್ ಶ್ಯಾಡೋಸ್ (ಆಚರಣೆ, ಮಂತ್ರ ಬರೆದಿಡೋ ಪುಸ್ತಕ) ಓದಿದಾಗ ಇದ್ರಲ್ಲಿ ಅಲಿಸ್ಟರ್ ಕ್ರೌಲಿ ಅನ್ನೋ ಇಂಗ್ಲಿಷ್ ಮಾಂತ್ರಿಕನ ಸಾಲುಗಳಿವೆ ಅಂತ ಮುಖಕ್ಕೇ ಹೇಳಿದ್ದು ಆಯಮ್ಮನೇ. ಹಾಗಾದ್ರೆ ನೀನೇ ಚೆನ್ನಾಗಿ ಬರಿ ಅನ್ನೋ ಅರ್ಥದಲ್ಲಿ ಗಾರ್ಡ್ನರ್ ಬಿಟ್ಟುಕೊಟ್ರಂತೆ, ಇವರು ಬರೆದೇಬಿಟ್ರು, ಇವತ್ತು ಎಲ್ಲರೂ ಆಚರಣೆಲಿ ದೇವಿಯ ಮಾತು ಅಂತ ಹೇಳೋ "ದೇವಿಯ ಆದೇಶ"ದ ಗದ್ಯ ರೂಪ ಅವರ ಕೈಯದ್ದು. ಇದನ್ನ ಅವರೇ 1989ರ "ದಿ ರೀಬರ್ತ್ ಆಫ್ ವಿಚ್‌ಕ್ರಾಫ್ಟ್"ನಲ್ಲಿ ಹೇಳ್ಕೊಂಡಿದಾರೆ. ಮೂರನೇದು ಮರ್ರೆ: ಹೆಸರು ಇದ್ರೆ ಆ ಪುಟಕ್ಕೆ ಹೋಗಿ ನೋಡ್ಬೇಕು, ಒಪ್ಕೊಂಡು ಬರೆದಿದಾರಾ, ಪ್ರಶ್ನೆ ಮಾಡಿ ಬರೆದಿದಾರಾ ಅಂತ. ಪದಸೂಚಿನೇ ಇಲ್ಲದಿದ್ರೆ ಇತಿಹಾಸದ ಅಧ್ಯಾಯ ತೆಗೆದು ಆ ತೊಂಬತ್ತು ಲಕ್ಷ ಹುಡುಕ್ತೀನಿ.

ಈಗ ಮೂಲೆಗೆ ಎಸೆದ ವಿಷಯಕ್ಕೆ ಬರ್ತೀನಿ. ಈ ಪರೀಕ್ಷೆಲಿ ಫೇಲ್ ಆದದ್ದನ್ನೆಲ್ಲ ಬಿಸಾಕಿದ್ರೆ ಕಲಿಯೋಕೆ ಬೇಕಾದ ಅರ್ಧ ಪುಸ್ತಕ ಕೈತಪ್ಪುತ್ತೆ. ರೇಮಂಡ್ ಬಕ್ಲ್ಯಾಂಡ್ ಅವರ 1986ರ "ಕಂಪ್ಲೀಟ್ ಬುಕ್ ಆಫ್ ವಿಚ್‌ಕ್ರಾಫ್ಟ್" ನೋಡಿ, ನೀಲಿ ರಟ್ಟಿನ ದಪ್ಪ ಪುಸ್ತಕ, ಎಲ್ಲರೂ ಬಿಗ್ ಬ್ಲೂ ಅಂತಾರೆ. ಅದರ ಮೊದಲ ಪಾಠದ ಇತಿಹಾಸ ಪೂರ್ತಿ ಮರ್ರೆ ದಾರಿ. ಆದ್ರೆ ಒಟ್ಟು 15 ಪಾಠ, ಪಾಠದ ಕೊನೆಗೆ ಪ್ರಶ್ನೆಗಳು, ಶಾಲೆ ಥರ ಕೂರಿಸಿ ಕಲಿಸುತ್ತೆ, ಆ ಶಿಸ್ತು ಬೇರೆ ಕಡೆ ಸಿಗೋದು ಅಪರೂಪ. ಹಾಗಾಗಿ ನಾನೀಗ ಮನಸ್ಸಲ್ಲೇ ಎರಡು ಕಪಾಟು ಮಾಡ್ಕೊಂಡಿದೀನಿ, ಮಾಡೋದಕ್ಕೆ ಓದೋ ಪುಸ್ತಕ, ತಿಳಿಯೋದಕ್ಕೆ ಓದೋ ಪುಸ್ತಕ. ಮೊದಲನೇ ಕಪಾಟಿನವರ ಹತ್ರ ಇತಿಹಾಸ ಕೇಳಬಾರದು. ಹಟನ್ ಹತ್ರ ಮೋಂಬತ್ತಿ ಹೇಗೆ ಹಚ್ಚೋದು ಅಂತ ಕೇಳ್ತೀವಾ? ಇಲ್ವಲ್ಲ.

ಎರಡೂ ಒಂದೇ ಪುಸ್ತಕದಲ್ಲಿ ಹೇಗೆ ಜಗಳ ಆಡುತ್ತೆ ಅಂತ ನೋಡ್ಬೇಕಂದ್ರೆ ಸ್ಟಾರ್‌ಹಾಕ್ ಅವರ "ದಿ ಸ್ಪೈರಲ್ ಡ್ಯಾನ್ಸ್" ಓದಿ. ಮೊದಲು ಬಂದಿದ್ದು 1979ರಲ್ಲಿ. ಹತ್ತು ವರ್ಷ ಆದ್ಮೇಲೆ, ಇಪ್ಪತ್ತು ವರ್ಷ ಆದ್ಮೇಲೆ ಬಂದ ಆವೃತ್ತಿಗಳಲ್ಲಿ ಲೇಖಕಿ ತಮ್ಮ ಹಳೇ ಮಾತಿನ ಮೇಲೆ ತಾವೇ ಟಿಪ್ಪಣಿ ಹಾಕಿದಾರೆ. ಮುಂದಿನ ಪುಟಕ್ಕೆ ಒಂದು ಬೆರಳು, ಹಿಂದಿನ ಟಿಪ್ಪಣಿಗೆ ಒಂದು ಬೆರಳು ಇಟ್ಕೊಂಡು ಓದ್ಬೇಕು, ಕೈ ನೋಯುತ್ತೆ, ಆದ್ರೆ ಮಜಾ ಇದೆ. ಹಳೇ ಆವೃತ್ತಿ ಸಿಕ್ತು ಅಂತ ತಗೋಬೇಡಿ, ಟಿಪ್ಪಣಿ ಇರೋದನ್ನೇ ನೋಡಿ.

ಯಾರಿಗೆ ಬರೆದಿದ್ದು ಅನ್ನೋದು

ಇದು ನಂಗೆ ಬೇಗ ಅರ್ಥ ಆಯ್ತು, ಆದ್ರೆ ಗೊತ್ತಿಲ್ಲದೇ ತಗೊಂಡ್ರೆ ದುಡ್ಡು ದಂಡ. ಗಾರ್ಡ್ನರ್ ಸಂಪ್ರದಾಯ, ಅದಾದ್ಮೇಲೆ ಅಲೆಕ್ಸ್ ಸ್ಯಾಂಡರ್ಸ್ ಶುರು ಮಾಡಿದ ಅಲೆಕ್ಸಾಂಡ್ರಿಯನ್ ಸಂಪ್ರದಾಯ, ಎರಡ್ರಲ್ಲೂ ಕವೆನ್ ಒಳಗೇ ದೀಕ್ಷೆ, ಮೂರು ಮೆಟ್ಟಿಲು, ಗುಟ್ಟಿನ ಪ್ರಮಾಣ. ಪುಸ್ತಕ ಓದಿ ಯಾರೂ ಗಾರ್ಡ್ನೇರಿಯನ್ ಆಗಲ್ಲ. ಒಬ್ಬರೇ ಮಾಡೋರಿಗೆ ಸಾಲಿಟರಿ ಅಂತಾರೆ, ಅವರಿಗೆ ಅಂತಲೇ ಬರೆದು ಹೆಸರಾದದ್ದು ಸ್ಕಾಟ್ ಕನ್ನಿಂಗ್‌ಹ್ಯಾಮ್ ಅವರ 1988ರ "ವಿಕ್ಕಾ: ಎ ಗೈಡ್ ಫಾರ್ ದಿ ಸಾಲಿಟರಿ ಪ್ರಾಕ್ಟೀಷನರ್".

ವ್ಯತ್ಯಾಸ ಗೊತ್ತಾಗ್ಬೇಕಂದ್ರೆ ಎರಡು ಪುಸ್ತಕದಲ್ಲಿ ವೃತ್ತ ಹಾಕೋ ಪುಟ ಮಾತ್ರ ಪಕ್ಕಪಕ್ಕ ಇಟ್ಟು ನೋಡಿ. ಜಾನೆಟ್ ಮತ್ತು ಸ್ಟೂವರ್ಟ್ ಫ್ಯಾರರ್ ಬರೆದ ಎರಡು ಪುಸ್ತಕ, 1981ರದ್ದು 1984ರದ್ದು, ಈಗ ಒಟ್ಟಿಗೆ "ಎ ವಿಚಸ್ ಬೈಬಲ್" ಅಂತ ಸಿಗುತ್ತೆ. ಅಲ್ಲಿ ಪ್ರಧಾನ ಪೂಜಾರಿಣಿ ಇದಾರೆ, ಪೂಜಾರಿ ಇದಾರೆ, ಯಾರು ಕತ್ತಿ ಹಿಡೀಬೇಕು, ಉಳಿದೋರು ಯಾವಾಗ ಒಳಗೆ ಬರ್ಬೇಕು, ಎಲ್ಲಾ ನಾಟಕದ ಸ್ಕ್ರಿಪ್ಟ್ ಥರ. ಒಬ್ಬಳೇ ರೂಮಲ್ಲಿ ಕೂತು ಓದಿದ್ರೆ ಕ್ರಿಕೆಟ್ ಫೀಲ್ಡಿಂಗ್ ಪ್ಲಾನ್ ಓದಿದ ಹಾಗಾಗುತ್ತೆ, ಉಳಿದ ಹತ್ತು ಜನ ಎಲ್ಲಿಂದ ತರೋದು. ಕನ್ನಿಂಗ್‌ಹ್ಯಾಮ್ ಹತ್ರ ದಾರನೋ ಹೂವೋ ಕಲ್ಲೋ ಇಟ್ಟು ಗುರುತು ಮಾಡ್ಕೊಂಡ್ರೂ ಆಯ್ತು, ಮುಖ್ಯ ನಿಮ್ಮ ಶಕ್ತಿ ಸುತ್ತ ಹರಡೋದನ್ನ ಮನಸ್ಸಲ್ಲಿ ನೋಡೋದು. ಅವರ ಪುಸ್ತಕದ ಕೊನೇ ಭಾಗದಲ್ಲಿ ಒಂದು ಇಡೀ ಬುಕ್ ಆಫ್ ಶ್ಯಾಡೋಸ್ ಮಾದರಿ ಕೊಟ್ಟಿದಾರೆ, ಅದನ್ನ ಇಟ್ಕೊಂಡು ನಾಳೆಯಿಂದಲೇ ಶುರು ಮಾಡಬಹುದು. ಹಾಗಂತ ಫ್ಯಾರರ್ ಪುಸ್ತಕ ವೇಸ್ಟ್ ಅಲ್ಲ, ಎಂಟು ಹಬ್ಬ ಒಂದೊಂದಾಗಿ ಬಿಡಿಸಿರೋದು ಅಲ್ಲಿ ಚೆನ್ನಾಗಿದೆ, ಆದ್ರೆ ಮೂರನೇ ಅಥವಾ ನಾಲ್ಕನೇ ಪುಸ್ತಕವಾಗಿ.

ಕವೆನ್ ಸೇರೋ ಆಸೆ ಇರೋರಿಗೆ ಥಾರ್ನ್ ಮೂನಿ ಅವರ 2018ರ "ಟ್ರೆಡಿಷನಲ್ ವಿಕ್ಕಾ", ಒಳಗಿನವರೇ ಬರೆದಿದ್ದು. ಥೀಯಾ ಸಬಿನ್ ಅವರ 2006ರ "ವಿಕ್ಕಾ ಫಾರ್ ಬಿಗಿನರ್ಸ್" ಮಂತ್ರ ಗಿಂತ್ರಕ್ಕೆ ಮುಂಚೆ ಉಸಿರು, ಗ್ರೌಂಡಿಂಗ್ (ಮನಸ್ಸನ್ನ ನೆಲಕ್ಕೆ ಊರಿ ಶಾಂತ ಮಾಡ್ಕೊಳ್ಳೋದು), ಕಣ್ಮುಚ್ಚಿ ಚಿತ್ರ ಕಾಣೋದು ಇವನ್ನ ಹೇಳ್ಕೊಡುತ್ತೆ, ನಂಗಂತೂ ಅಲ್ಲೇ ಎರಡು ವಾರ ಹೋಯ್ತು.

ಗಾರ್ಡ್ನರ್ ಪುಸ್ತಕನೇ ಮೊದಲು ಓದ್ತೀನಿ, ಮೂಲಕ್ಕೇ ಕೈ ಹಾಕ್ತೀನಿ ಅನ್ನೋರಿಗೆ ಒಂದು ಮಾತು. "ವಿಚ್‌ಕ್ರಾಫ್ಟ್ ಟುಡೇ"ಲಿ ಮಾಡೋ ವಿಧಾನ ಹೆಚ್ಚಾಗಿ ಸಿಗಲ್ಲ. ಹೊರಗಿನಿಂದ ನೋಡಿ ವರದಿ ಮಾಡೋ ಮಾನವಶಾಸ್ತ್ರಜ್ಞರ ದನಿಲಿ ಬರೆದಿದಾರೆ. ಇದಕ್ಕೂ ಮುಂಚೆ 1949ರಲ್ಲಿ ಇದೇ ವಿಷಯನ ಕಾದಂಬರಿ ವೇಷ ಹಾಕಿ ತಂದಿದ್ರು, ಯಾಕಂದ್ರೆ ಮಾಟದ ಶಕ್ತಿ ಇದೆ ಅಂತ ಹೇಳ್ಕೊಳ್ಳೋದನ್ನೇ ಅಪರಾಧ ಮಾಡಿದ್ದ 1735ರ ಕಾಯ್ದೆ ರದ್ದಾಗಿದ್ದು 1951ರಲ್ಲಿ.

ಬೇಗ ಮುಗಿಸೋ ಎರಡು ಮಾತು. ಹೆಸರಲ್ಲಿ ವಿಚ್ ಇದ್ದ ಮಾತ್ರಕ್ಕೆ ವಿಕ್ಕಾ ಪುಸ್ತಕ ಅಲ್ಲ, ಬರೀ ಸ್ಪೆಲ್ ಪಟ್ಟಿ ಇದ್ದು ದೇವಿ, ಹಬ್ಬ, "ಯಾರಿಗೂ ಕೇಡಾಗದಿದ್ರೆ ಇಷ್ಟ ಬಂದಿದ್ದು ಮಾಡು" ಅನ್ನೋ ರೀಡ್ (ವಿಕ್ಕಾದ ನೀತಿ ಸೂತ್ರ) ಏನೂ ಇಲ್ಲ ಅಂದ್ರೆ ಅದು ಬೇರೆ ಜಾತಿಯ ಪುಸ್ತಕ. ಹಬ್ಬದ ತಾರೀಖುಗಳು ಉತ್ತರ ಗೋಳಾರ್ಧದ ಋತುಗಳಿಗೆ ಹಾಕಿದ್ದು, ದಕ್ಷಿಣದಲ್ಲಿರೋರು ತುಂಬಾ ಜನ ಆರು ತಿಂಗಳು ತಿರುಗಿಸ್ಕೋತಾರೆ, ಒಳ್ಳೇ ಪುಸ್ತಕ ಅದನ್ನ ಒಂದು ಸಾಲಲ್ಲಾದ್ರೂ ಹೇಳುತ್ತೆ.

ಈಗ ನನ್ನ ಓದಿನ ಸಾಲು: ಸಬಿನ್ ಮುಗೀತು, ಕನ್ನಿಂಗ್‌ಹ್ಯಾಮ್ ಅರ್ಧ, ಪಕ್ಕದಲ್ಲಿ ದಿನಕ್ಕೆ ಹತ್ತು ಪುಟ ಹಟನ್. ಮೂಲೆಗೆ ಎಸೆದಿದ್ದ ಆ ಮೊದಲನೇ ಪುಸ್ತಕನೂ ಧೂಳು ಒರೆಸಿ ತಂದೆ. ಮರ್ರೆ ದಾರಿ ಹಿಡಿದ ಸಾಲುಗಳ ಪಕ್ಕ ಪೆನ್ಸಿಲಲ್ಲಿ "ಮ" ಅಂತ ಹಾಕ್ತಾ ಹೋದೆ, ಮೊದಲ ಅಧ್ಯಾಯಕ್ಕೇ ಹದಿನಾಲ್ಕು "ಮ" ಆಯ್ತು, ಆರನೇ ಅಧ್ಯಾಯದ ಹುಣ್ಣಿಮೆ ಧ್ಯಾನದಲ್ಲಿ ಒಂದೂ ಇಲ್ಲ, ಮೊನ್ನೆ ಹುಣ್ಣಿಮೆಗೆ ಅದನ್ನೇ ಮಾಡಿದೆ.