ಧಾರಾವಾಹಿಯ ಪಾತ್ರ ಸತ್ತರೆ ನಮಗೇಕೆ ಇಷ್ಟು ಸಿಟ್ಟು?

1975ರ ಮಾರ್ಚ್ 18ರಂದು ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 'ಮ್ಯಾಶ್' ಧಾರಾವಾಹಿಯ ಮೂರನೇ ಸೀಸನ್ನಿನ ಕೊನೆಯ ಕಂತು ಬಂತು. ಕೊರಿಯಾ ಯುದ್ಧದ ಕಾಲದ ಸೇನಾ ಆಸ್ಪತ್ರೆಯೊಂದರ ಕಥೆ ಅದು, ಆದರೆ ನಗಿಸುವ ಧಾರಾವಾಹಿ. ಆಸ್ಪತ್ರೆಯ ಮುಖ್ಯಸ್ಥ ಹೆನ್ರಿ ಬ್ಲೇಕ್‌ಗೆ ಸೇನೆಯಿಂದ ಬಿಡುಗಡೆ ಸಿಕ್ಕಿದೆ. ಎಲ್ಲರೂ ಕುಡಿದು, ಹಾಡಿ, ತಬ್ಬಿಕೊಂಡು ಅವನನ್ನು ಬೀಳ್ಕೊಡುತ್ತಾರೆ. ಅವನು ಹೆಲಿಕಾಪ್ಟರ್ ಹತ್ತಿ ಮನೆಯ ಕಡೆ ಹೊರಡುತ್ತಾನೆ. ನೋಡುವವರು ಕಣ್ಣೊರೆಸಿಕೊಂಡು ಟಿವಿ ಆರಿಸುವ ಹೊತ್ತು. ಅಷ್ಟರಲ್ಲಿ ಇನ್ನೊಂದು ದೃಶ್ಯ ಬರುತ್ತದೆ. ಆಪರೇಷನ್ ಕೋಣೆಯಲ್ಲಿ ವೈದ್ಯರು ಕೆಲಸ ಮಾಡುತ್ತಿದ್ದಾರೆ, ಗುಮಾಸ್ತ ಹುಡುಗ ರೇಡಾರ್ ಮುಖಕ್ಕೆ ಮಾಸ್ಕನ್ನೂ ಹಾಕದೆ ಒಳಗೆ ಬಂದು ಕೈಯಲ್ಲಿದ್ದ ಕಾಗದ ಓದುತ್ತಾನೆ. ಹೆನ್ರಿ ಇದ್ದ ವಿಮಾನವನ್ನು ಜಪಾನ್ ಸಮುದ್ರದ ಮೇಲೆ ಹೊಡೆದುರುಳಿಸಿದ್ದಾರೆ, ಅದರಲ್ಲಿದ್ದ ಯಾರೂ ಉಳಿದಿಲ್ಲ. ಕೇಳಿದವರು ಕೆಲಸ ನಿಲ್ಲಿಸುವಂತಿಲ್ಲ, ಎದುರಿಗೆ ರೋಗಿ ಮಲಗಿದ್ದಾನೆ. ಹೊಲಿಗೆ ಮುಂದುವರಿಯುತ್ತದೆ.

ಈ ದೃಶ್ಯ ಬರೆದಿದ್ದ ಪುಟವನ್ನು ನಿರ್ಮಾಪಕ ಲ್ಯಾರಿ ಗೆಲ್ಬಾರ್ಟ್ ನಟರಿಂದಲೂ ಮುಚ್ಚಿಟ್ಟಿದ್ದರು. ಉಳಿದ ಚಿತ್ರೀಕರಣವೆಲ್ಲ ಮುಗಿದ ಮೇಲೆ ಕೈಗೆ ಕೊಟ್ಟರು. ಹೆನ್ರಿಯ ಪಾತ್ರ ಮಾಡುತ್ತಿದ್ದ ಮೆಕ್ಲೀನ್ ಸ್ಟೀವನ್‌ಸನ್ ಧಾರಾವಾಹಿ ಬಿಡಲು ಮೊದಲೇ ತೀರ್ಮಾನಿಸಿದ್ದರು, ಹಾಗಾಗಿ ಪಾತ್ರ ಹೋಗಲೇಬೇಕಿತ್ತು. ಆದರೆ ಸಾಯಲೇಬೇಕಿತ್ತಾ? ಕಂತು ಮುಗಿದ ಮೇಲೆ ರಾಶಿ ರಾಶಿ ಪತ್ರಗಳು ಬಂದವು, ಬಹಳಷ್ಟು ಜನ ಸಿಟ್ಟಾಗಿದ್ದರು. 'ಹೆನ್ರಿ ಯಾಕೆ ಸತ್ತ' ಅಂತ ಯಾರೂ ಕೇಳಲಿಲ್ಲ. ಅವರ ಪ್ರಶ್ನೆ 'ಅವನನ್ನು ಯಾಕೆ ಕೊಂದಿರಿ' ಅನ್ನುವುದಾಗಿತ್ತು.

ಇಡೀ ವಿಷಯದ ತಿರುಳು ಈ ಪ್ರಶ್ನೆಯಲ್ಲೇ ಇದೆ ಅನ್ನುವುದು ನನ್ನ ನಂಬಿಕೆ. ಅಭಿಮಾನಿಗಳ ದುಃಖದ ಬಗ್ಗೆ ಸಾಕಷ್ಟು ಸಂಶೋಧನೆ ನಡೆದಿದೆ, ಅದನ್ನು ಹೇಳುತ್ತೇನೆ. ಆದರೆ ದುಃಖದ ಪಕ್ಕದಲ್ಲೇ ಸಿಟ್ಟೂ ಇರುತ್ತದಲ್ಲ, ಅದನ್ನು ಬಿಟ್ಟರೆ ಚಿತ್ರ ಅರ್ಧವೇ ಕಾಣುತ್ತದೆ.

ಮೊದಲು ದುಃಖ. 1955ರ ಸೆಪ್ಟೆಂಬರ್ 22ರಂದು ಬಿಬಿಸಿ ರೇಡಿಯೊದ 'ದಿ ಆರ್ಚರ್ಸ್' ಧಾರಾವಾಹಿಯಲ್ಲಿ ಗ್ರೇಸ್ ಎಂಬ ಹೊಸ ಮದುವಣಗಿತ್ತಿ ಬೆಂಕಿ ಅನಾಹುತದಲ್ಲಿ ಸತ್ತಳು. ಬ್ರಿಟನ್ನಿನಲ್ಲಿ ಖಾಸಗಿ ಟಿವಿ ಪ್ರಸಾರ ಶುರುವಾದದ್ದೂ ಅದೇ ರಾತ್ರಿ. ಜನ ಸಂಕಟ ತಡೆಯಲಾರದೆ ಬಿಬಿಸಿಗೆ ಫೋನಿನ ಮೇಲೆ ಫೋನ್ ಮಾಡಿದರು. ಮರುವರ್ಷವೇ, 1956ರಲ್ಲಿ, ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಅಮೆರಿಕದ ಇಬ್ಬರು ಸಂಶೋಧಕರು ಇಂಥ ನಂಟಿಗೆ 'ಪ್ಯಾರಾಸೋಶಿಯಲ್' ಎಂದು ಹೆಸರಿಟ್ಟರು. ಒಂದೇ ಕಡೆಯಿಂದ ಬೆಳೆಯುವ ಪರಿಚಯ ಇದು. ಅವರು ಮುಖ್ಯವಾಗಿ ನೋಡಿದ್ದು ಟಿವಿ ನಿರೂಪಕರನ್ನು. ಕ್ಯಾಮೆರಾ ನೋಡಿಕೊಂಡು ಮಾತಾಡುವ ವ್ಯಕ್ತಿ ನಮ್ಮ ಜೊತೆಗೇ ಮಾತಾಡುತ್ತಿದ್ದಾನೆ ಅನ್ನಿಸುತ್ತದೆ, ದಿನಾ ಅದೇ ಹೊತ್ತಿಗೆ ಬರುತ್ತಾನೆ, ಅವನ ನಗು, ಹುಬ್ಬು ಹಾರಿಸುವ ರೀತಿ, ಮಾತಿನ ಧಾಟಿ ಎಲ್ಲ ಪರಿಚಯವಾಗುತ್ತದೆ. ನಮಗೆ ಅವನು ಗೊತ್ತು, ಅವನಿಗೆ ನಾವು ಗೊತ್ತಿಲ್ಲ. ಕಥೆಯ ಪಾತ್ರಗಳಿಗೂ ಇದು ಅನ್ವಯಿಸುತ್ತದೆ ಅಂತ ನಂತರದ ಸಂಶೋಧಕರು ತೋರಿಸಿದರು. ಪಾತ್ರಗಳ ವಿಷಯದಲ್ಲಿ ಇನ್ನೂ ಜಾಸ್ತಿ ಅನ್ನಬೇಕು. ನಿರೂಪಕ ತನ್ನ ಮನೆಯ ಜಗಳ ನಮಗೆ ತೋರಿಸುವುದಿಲ್ಲ, ಪಾತ್ರ ತೋರಿಸುತ್ತದೆ. ಒಬ್ಬಂಟಿಯಾಗಿ ಅಳುವುದನ್ನೂ ತೋರಿಸುತ್ತದೆ. ಹತ್ತಿರದ ಸ್ನೇಹಿತರನ್ನೂ ನಾವು ಅಷ್ಟು ಒಳಗಿನಿಂದ ನೋಡಿರುವುದಿಲ್ಲ ಅಲ್ವಾ?

ಇದು ಮಿದುಳಿನಲ್ಲೂ ಕಾಣುತ್ತದೆ. 2017ರಲ್ಲಿ 'ಗೇಮ್ ಆಫ್ ಥ್ರೋನ್ಸ್' ಏಳನೇ ಸೀಸನ್ ನಡೆಯುತ್ತಿದ್ದಾಗ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಡಿಲನ್ ವ್ಯಾಗ್ನರ್, ಟಿಮತಿ ಬ್ರೂಮ್ ಮತ್ತು ಜೊತೆಗಾರರು 19 ಅಭಿಮಾನಿಗಳನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿದರು. ಒಮ್ಮೆ ಅವರ ನಿಜವಾದ ಸ್ನೇಹಿತರ ಹೆಸರು, ಒಮ್ಮೆ ಜಾನ್ ಸ್ನೋ, ಸೆರ್ಸಿಯಂಥ ಪಾತ್ರಗಳ ಹೆಸರು ತೋರಿಸಿ, ಈ ಗುಣ ಇವರಿಗೆ ಹೊಂದುತ್ತದಾ ಅಂತ ಕೇಳಿದರು. ಹಣೆಯ ಹಿಂದಿರುವ ಒಂದು ಭಾಗ ನಮ್ಮ ಬಗ್ಗೆ, ನಮಗೆ ಬೇಕಾದವರ ಬಗ್ಗೆ ಯೋಚಿಸುವಾಗ ಚುರುಕಾಗುತ್ತದೆ. ಒಂಟಿತನ ಕಡಿಮೆ ಇದ್ದವರಲ್ಲಿ ಆ ಭಾಗ ನಿಜವಾದ ಸ್ನೇಹಿತರಿಗೆ ಒಂದು ಥರ, ಪಾತ್ರಗಳಿಗೆ ಇನ್ನೊಂದು ಥರ ಪ್ರತಿಕ್ರಿಯಿಸಿತು. ಒಂಟಿತನ ಜಾಸ್ತಿ ಇದ್ದವರಲ್ಲಿ ಈ ಎರಡರ ನಡುವಿನ ಗೆರೆ ಮಸುಕಾಗಿತ್ತು. ಹತ್ತೊಂಬತ್ತು ಜನ ಅಂದರೆ ಸಣ್ಣ ಗುಂಪು, ಅದರಿಂದ ಇಡೀ ಮನುಕುಲದ ಬಗ್ಗೆ ತೀರ್ಪು ಕೊಡಲಾಗದು. ಆದರೂ ಈ ಫಲಿತಾಂಶ ಓದಿದ ಮೇಲೆ 'ಸುಮ್ನೆ ಒಂದು ಸೀರಿಯಲ್ಲಿಗೆ ಇಷ್ಟೊಂದು ಅಳುತ್ತೀಯಲ್ಲ' ಅಂತ ಯಾರನ್ನಾದರೂ ಹೀಯಾಳಿಸಲು ನನಗೆ ಬಾಯಿ ಬರುವುದಿಲ್ಲ.

ಹಾಗಾದರೆ ಪಾತ್ರ ಹೋದಾಗ ಆಗುವ ನೋವು ಎಷ್ಟು ದೊಡ್ಡದು? ಇಸ್ರೇಲಿನ ಸಂಶೋಧಕ ಜೊನಾಥನ್ ಕೋಹೆನ್ 2004ರಲ್ಲಿ 381 ಜನರನ್ನು ಕೇಳಿದ್ದು ಇದನ್ನೇ: ನಿಮ್ಮ ಮೆಚ್ಚಿನ ಪಾತ್ರ ನಾಳೆಯಿಂದ ಬರುವುದಿಲ್ಲ ಅಂತಾದರೆ ನಿಮಗೆ ಏನನ್ನಿಸುತ್ತದೆ? ಪ್ರೀತಿಪಾತ್ರರು ಬಿಟ್ಟು ಹೋಗುತ್ತಾರೇನೋ ಎಂಬ ಆತಂಕ ನಿಜಜೀವನದಲ್ಲೂ ಇರುವವರೇ ಇಲ್ಲೂ ಹೆಚ್ಚು ನೋವು ನಿರೀಕ್ಷಿಸಿದರು. ಮನುಷ್ಯರ ಜೊತೆ ಹೇಗೋ ಪಾತ್ರದ ಜೊತೆಯೂ ಹಾಗೇ. ಅದೇ ವರ್ಷದ ಮೇ ತಿಂಗಳಲ್ಲಿ 'ಫ್ರೆಂಡ್ಸ್' ಧಾರಾವಾಹಿ ಮುಗಿಯಿತು. ಆಗ ಕೋಹೆನ್ ಮತ್ತು ಕೆರೆನ್ ಎಯಾಲ್ ಅದನ್ನು ನೋಡಿದ್ದ ವಿದ್ಯಾರ್ಥಿಗಳನ್ನು ಮಾತಾಡಿಸಿದರು. ಮೆಚ್ಚಿನ ಪಾತ್ರದ ಜೊತೆ ನಂಟು ಗಟ್ಟಿಯಾದಷ್ಟೂ ಅಗಲಿಕೆಯ ನೋವು ಹೆಚ್ಚು, ಒಂಟಿತನ ಇದ್ದವರಿಗೆ ಇನ್ನಷ್ಟು. ಆದರೆ ನಿಜವಾದ ಸಂಬಂಧ ಮುರಿದಾಗ ಆಗುವಷ್ಟು ಅಲ್ಲ. ನೋವಿನ ಜಾತಿ ಒಂದೇ, ಅಳತೆ ಬೇರೆ.

ಈ ಚಿಕ್ಕ ಅಳತೆಯೇ ಒಂದು ತೊಂದರೆ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಜನ ಬಂದು ಪಕ್ಕದಲ್ಲಿ ಕೂರುತ್ತಾರೆ, ಕೆಲಸಕ್ಕೆ ರಜೆ ಸಿಗುತ್ತದೆ, ಅಳಲು ಬಿಡುತ್ತಾರೆ. ಪಾತ್ರ ಸತ್ತರೆ ಇದ್ಯಾವುದೂ ಇಲ್ಲ. ಸಮಾಜ ಒಪ್ಪದ ಇಂಥ ದುಃಖಗಳ ಬಗ್ಗೆ ಅಮೆರಿಕದ ಸಂಶೋಧಕ ಕೆನೆತ್ ಡೋಕಾ 1980ರ ದಶಕದಲ್ಲೇ ಬರೆದರು. ಅವರು ಹೇಳಿದ್ದು ಒಪ್ಪಿಗೆಯಿಲ್ಲದ ಸಂಬಂಧಗಳು, ಹುಟ್ಟುವ ಮೊದಲೇ ಕಳೆದುಕೊಂಡ ಮಗು, ಸಾಕುಪ್ರಾಣಿ ಇಂಥವುಗಳ ಬಗ್ಗೆ. ಟಿವಿ ಪಾತ್ರವನ್ನು ಅವುಗಳ ಸಾಲಿಗೆ ಸಮವಾಗಿ ಇಡುವುದು ತಪ್ಪು. ಆದರೆ ಹೇಳಿಕೊಳ್ಳಲು ನಾಚಿಕೆಯಾಗುವ ದುಃಖ ಬೇರೆ ದಾರಿ ಹುಡುಕುತ್ತದೆ ಅನ್ನುವ ಮಾತು ಇಲ್ಲಿಗೂ ಸಲ್ಲುತ್ತದೆ. ಅಭಿಮಾನಿಗಳು ತಮ್ಮಂಥವರನ್ನೇ ಹುಡುಕಿಕೊಂಡು ಹೋಗುವುದು ಇದಕ್ಕೇ.

ಇನ್ನು ಸಿಟ್ಟಿನ ವಿಷಯ. ನಿಜವಾದ ಸಾವಿನಲ್ಲಿ ಬೈಯಲು ಯಾರೂ ಸಿಗುವುದಿಲ್ಲ, ವಿಧಿಯನ್ನೋ ದೇವರನ್ನೋ ಬೈದು ಸುಮ್ಮನಾಗುತ್ತೇವೆ. ಧಾರಾವಾಹಿಯ ಸಾವಿಗೆ ಹೆಸರು, ವಿಳಾಸ ಎರಡೂ ಇದೆ. ಯಾರೋ ಒಂದು ಕೋಣೆಯಲ್ಲಿ ಕೂತು, ಚರ್ಚೆ ಮಾಡಿ, ಈ ಪಾತ್ರ ಸಾಕು ಅಂತ ತೀರ್ಮಾನಿಸಿದ್ದಾರೆ. ಕಾರಣ ಕಥೆಯ ಒಳಗೇ ಇರಬೇಕೆಂದಿಲ್ಲ, ನಟನ ಒಪ್ಪಂದ ಮುಗಿದಿರಬಹುದು, ಸಂಬಳದ ಮಾತು ಮುರಿದಿರಬಹುದು. 'ಡೌನ್‌ಟನ್ ಆ್ಯಬಿ'ಯ ಮ್ಯಾಥ್ಯೂ 2012ರ ಕ್ರಿಸ್‌ಮಸ್ ದಿನದ ಕಂತಿನಲ್ಲಿ, ತನ್ನ ಮಗುವನ್ನು ಆಗಷ್ಟೇ ನೋಡಿ ಕಾರಿನಲ್ಲಿ ಬರುತ್ತಾ ಸತ್ತದ್ದು ನಟ ಡ್ಯಾನ್ ಸ್ಟೀವನ್ಸ್ ಬಿಡಲು ಬಯಸಿದ್ದರಿಂದ. ಹಬ್ಬದ ದಿನ ಮನೆಮಂದಿಯೆಲ್ಲ ಕೂತು ನೋಡಿದವರಿಗೆ ಹೊಟ್ಟೆ ಉರಿದದ್ದರಲ್ಲಿ ತಪ್ಪೇನಿದೆ? ತೀರ್ಮಾನ ಮನುಷ್ಯರದ್ದು ಅಂತಾದ ಮೇಲೆ ಅದನ್ನು ಬದಲಾಯಿಸಬಹುದು ಅಂತಲೂ ಅನ್ನಿಸುತ್ತದೆ. ಹಾಗಾಗಿ ದುಃಖ ಬೇಡಿಕೆಯಾಗುತ್ತದೆ. ಕೆಲವೊಮ್ಮೆ ಅದು ಗೆಲ್ಲುತ್ತದೆ ಕೂಡ. 'ಕ್ಯೂಂಕಿ ಸಾಸ್ ಭೀ ಕಭೀ ಬಹೂ ಥೀ'ಯಲ್ಲಿ ಮಿಹಿರ್ ಸತ್ತಾಗ ವೀಕ್ಷಕರು ಎಬ್ಬಿಸಿದ ಗಲಾಟೆಗೆ ಮಣಿದು ಅವನನ್ನು ನೆನಪು ಹೋದ ಮನುಷ್ಯನಾಗಿ ವಾಪಸ್ ತಂದರು.

ಈ ಸಿಟ್ಟನ್ನು ಬರೀ ಹಟ ಅಂದುಕೊಂಡರೆ ತಪ್ಪಾಗುತ್ತದೆ. 2016ರ ಮಾರ್ಚ್‌ನಲ್ಲಿ 'ದಿ 100' ಧಾರಾವಾಹಿಯ ಲೆಕ್ಸಾ ಎಂಬ ಯೋಧೆ, ತಾನು ಪ್ರೀತಿಸಿದ ಹುಡುಗಿಯ ಜೊತೆ ಕಡೆಗೂ ಒಂದಾದ ಸ್ವಲ್ಪ ಹೊತ್ತಿಗೇ, ಇನ್ಯಾರಿಗೋ ಹೊಡೆದ ಗುಂಡು ತಗುಲಿ ಸತ್ತಳು. ಹೆಣ್ಣನ್ನು ಪ್ರೀತಿಸುವ ಹೆಣ್ಣು ಪಾತ್ರಗಳು ಟಿವಿಯಲ್ಲಿ ಇದ್ದದ್ದೇ ಕೆಲವು, ಅವು ಹೀಗೆ ಸುಖ ಸಿಕ್ಕ ಕೂಡಲೇ ಸಾಯುವುದು ಹಳೆಯ ಚಾಳಿ. ತನ್ನಂಥವಳೊಬ್ಬಳು ತೆರೆಯ ಮೇಲೆ ಗೌರವದಿಂದ ಬದುಕುವುದನ್ನು ಮೊದಲ ಸಲ ನೋಡಿದ್ದ ಹದಿನಾರರ ಹುಡುಗಿಗೆ ಇನ್ನೊಂದು ಪಾತ್ರ ಹುಡುಕಿಕೋ ಅಂದರೆ ಎಲ್ಲಿ ಹುಡುಕಿಯಾಳು? ಸಾಮಾನ್ಯವಾಗಿ ಒಂದು ಪಾತ್ರ ಹೋದರೆ ಮನಸ್ಸು ನಿಧಾನಕ್ಕೆ ಮತ್ತೊಂದಕ್ಕೆ ಹೊಂದಿಕೊಳ್ಳುತ್ತದೆ, ಬದಲಿಯೇ ಇಲ್ಲದಿದ್ದಾಗ ನೋವು ಹಾಗೇ ನಿಲ್ಲುತ್ತದೆ. ಆ ಅಭಿಮಾನಿಗಳು ಪ್ರತಿಭಟನೆ ಮಾಡಿದರು, ಜೊತೆಗೆ ಲೈಂಗಿಕ ಅಲ್ಪಸಂಖ್ಯಾತ ಯುವಜನರ ಆತ್ಮಹತ್ಯೆ ತಡೆಯುವ ಟ್ರೆವರ್ ಪ್ರಾಜೆಕ್ಟ್ ಸಂಸ್ಥೆಗೆ ಒಂದು ಲಕ್ಷ ಡಾಲರಿಗೂ ಹೆಚ್ಚು ಹಣ ಕೂಡಿಸಿದರು. ಧಾರಾವಾಹಿಯ ಮುಖ್ಯಸ್ಥ ಬಹಿರಂಗವಾಗಿ ಕ್ಷಮೆ ಕೇಳಿದರು. ಅಭಿಮಾನಿಗಳ ಸಿಟ್ಟು ನಟರಿಗೆ, ಬರಹಗಾರರಿಗೆ ಬೆದರಿಕೆ ಹಾಕುವ ಮಟ್ಟಕ್ಕೆ ಇಳಿಯುವುದೂ ಇದೆ, ಅದಕ್ಕೆ ಯಾವ ಸಮರ್ಥನೆಯೂ ಇಲ್ಲ. ಪಾತ್ರ ಮಾಡಿದವರು ಪಾತ್ರವಲ್ಲ.

ಸಾವನ್ನು ಹೇಗೆ ಹೇಳಬೇಕು ಅನ್ನುವುದಕ್ಕೆ ನನಗೆ ಸದಾ ನೆನಪಾಗುವುದು ಮಕ್ಕಳ ಕಾರ್ಯಕ್ರಮ 'ಸೆಸಮಿ ಸ್ಟ್ರೀಟ್'. ಅಂಗಡಿಯ ಹೂಪರ್ ಪಾತ್ರ ಮಾಡುತ್ತಿದ್ದ ವಿಲ್ ಲೀ 1982ರ ಡಿಸೆಂಬರ್‌ನಲ್ಲಿ ನಿಜವಾಗಿಯೇ ತೀರಿಕೊಂಡರು. ಹೂಪರ್ ಬೇರೆ ಊರಿಗೆ ಹೋದ ಅಂತ ಹೇಳಿ ಕೈತೊಳೆದುಕೊಳ್ಳಬಹುದಿತ್ತು. ತಂಡ ಮನೋವಿಜ್ಞಾನಿಗಳನ್ನು ಕೇಳಿ, ನಿಜವನ್ನೇ ಹೇಳಲು ತೀರ್ಮಾನಿಸಿತು. 1983ರ ನವೆಂಬರ್ 24ರ ಕಂತಿನಲ್ಲಿ ಬಿಗ್ ಬರ್ಡ್ ಎಂಬ ಹಳದಿ ಹಕ್ಕಿ ತಾನು ಬರೆದ ಚಿತ್ರಗಳನ್ನು ಎಲ್ಲರಿಗೂ ಹಂಚುತ್ತಾ ಹೂಪರ್ ಎಲ್ಲಿ ಅಂತ ಕೇಳುತ್ತದೆ. ಹೂಪರ್ ಸತ್ತಿದ್ದಾರೆ, ಸತ್ತವರು ವಾಪಸ್ ಬರುವುದಿಲ್ಲ ಅಂತ ದೊಡ್ಡವರು ಮೆಲ್ಲಗೆ ವಿವರಿಸುತ್ತಾರೆ. ಹೀಗೇ ಯಾಕೆ ಆಗಬೇಕು ಅಂತ ಹಕ್ಕಿ ಸಿಟ್ಟಾಗುತ್ತದೆ. ಅದಕ್ಕೆ ಕಾರಣ ಇಲ್ಲ, ಅದು ಹಾಗೇ, ಅನ್ನುತ್ತಾರೆ. ನಟರ ಕಣ್ಣಲ್ಲಿದ್ದ ನೀರು ನಟನೆಯದಾಗಿರಲಿಲ್ಲ. ಇಲ್ಲಿ ಯಾರೂ ಯಾರನ್ನೂ ಕೊಂದಿರಲಿಲ್ಲ, ನೋಡುವವರನ್ನೂ ಮೋಸ ಮಾಡಿರಲಿಲ್ಲ.

ಮೋಸ ಅನ್ನಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ 'ಡಲ್ಲಾಸ್' ಧಾರಾವಾಹಿ ಇದೆ. 1985ರಲ್ಲಿ ಅದರ ಮುಖ್ಯ ಪಾತ್ರಗಳಲ್ಲೊಬ್ಬನಾದ ಬಾಬಿ ಸತ್ತ. ನಟ ಮರಳಲು ಒಪ್ಪಿದ್ದರಿಂದ 1986ರಲ್ಲಿ ಅವನು ಸ್ನಾನದ ಮನೆಯಲ್ಲಿ ನಗುತ್ತಾ ಕಾಣಿಸಿಕೊಂಡ, ನಡುವಿನ ಇಡೀ ಸೀಸನ್ ಅವನ ಮಾಜಿ ಹೆಂಡತಿ ಕಂಡ ಕನಸು ಅಂತಾಯಿತು. ಪ್ರೀತಿಯ ಪಾತ್ರ ಮರಳಿದ್ದಕ್ಕೆ ಖುಷಿಪಟ್ಟವರಿದ್ದರು, ಆದರೆ ಒಂದು ವರ್ಷ ಪಟ್ಟ ದುಃಖಕ್ಕೆ ಬೆಲೆಯೇ ಇಲ್ಲದಂತಾಯಿತಲ್ಲ ಅಂತ ಬೇಸರಪಟ್ಟವರೂ ಇದ್ದರು. ಇಂಥ ಆಟ ನೋಡಿ ನೋಡಿ ವೀಕ್ಷಕರೂ ಕಲಿತಿದ್ದಾರೆ. 2015ರ ಜೂನ್‌ನಲ್ಲಿ 'ಗೇಮ್ ಆಫ್ ಥ್ರೋನ್ಸ್'ನ ಜಾನ್ ಸ್ನೋ ಹಿಮದ ಮೇಲೆ ರಕ್ತ ಸುರಿಸಿ ಬಿದ್ದಾಗ ಅವನು ಸತ್ತಿದ್ದಾನೆ ಅಂತ ತಯಾರಕರು ಪದೇ ಪದೇ ಹೇಳಿದರು, ಅಭಿಮಾನಿಗಳು ನಂಬಲಿಲ್ಲ. ನಟ ಕಿಟ್ ಹ್ಯಾರಿಂಗ್ಟನ್ ಕೂದಲು ಕತ್ತರಿಸಿಕೊಂಡರಾ, ಚಿತ್ರೀಕರಣ ನಡೆಯುವ ಬೆಲ್‌ಫಾಸ್ಟ್‌ನಲ್ಲಿ ಕಂಡರಾ ಅಂತ ತಿಂಗಳುಗಟ್ಟಲೆ ಪತ್ತೇದಾರಿ ಮಾಡಿದರು. 2016ರ ಮೇ ತಿಂಗಳಲ್ಲಿ ಪಾತ್ರ ಕಣ್ಣು ಬಿಟ್ಟಿತು. ಈಗ ದೊಡ್ಡ ಪಾತ್ರವೊಂದು ಸತ್ತರೆ ಬಹಳ ಜನ ಮೊದಲು ವಿಚಾರಿಸುವುದು ನಟನ ಒಪ್ಪಂದ ಎಲ್ಲಿಯವರೆಗೆ ಇದೆ ಅಂತ. ಅಳುವುದನ್ನು ಮುಂದಿನ ಸೀಸನ್ನಿಗೆ ಇಟ್ಟುಕೊಂಡಿರುತ್ತಾರೆ.